ಹಲಗೂರಿನಲ್ಲಿ ಇಳಿಯದೆ ಹೋದ ದಿನ

೧೯೩೬ರ ಮಾಘ ಮಾಸದ ಒಂದು ಭಾನುವಾರ ಬೆಳಿಗ್ಗೆ ನಾನು ಮಳವಳ್ಳಿಯಿಂದ ಸೈಕಲ್ಲಿನಲ್ಲಿ ಒಬ್ಬನೇ ಹೊರಟು, ಹಲಗೂರು ದಾಟಿ, ಮುತ್ತತ್ತಿ ಕಡೆಯ ಗುಡ್ಡದ ಕಾಡಿನಲ್ಲಿ ಬಿಡಾರ ಹೂಡಿದೆ. ಸಂಜೆ ಮೂವರು ವಾಪಸು ಬಂದೆವು.

ಸುದ್ದಿ ಇಷ್ಟೇ. ಪತ್ರಿಕೆಗೆ ಬರೆಯುವುದಾಗಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಅನ್ನ ತಳ ಹಿಡಿಯಿತು. ಆ ವಾಸನೆಗೆ ಬೇರೆಯವರಿಗೆ ಮೂಗು ಮುಚ್ಚಿಕೊಳ್ಳಬೇಕೆನಿಸುತ್ತದೆ, ನನಗೆ ಒಂದು ಗುಡ್ಡ ಕಣ್ಣ ಮುಂದೆ ಬರುತ್ತದೆ. ನಿಮಗೆ ಪುರಸೊತ್ತಿದ್ದರೆ ಜೊತೆಗೆ ಬನ್ನಿ. ಏರು ಬಂದಲ್ಲಿ ಇಳಿದು ತಳ್ಳೋಣ.

ಆಗ ನಾನು ಮೈಸೂರಿನ ಒಂದು ಪತ್ರಿಕೆಗೆ ಮಳವಳ್ಳಿ ತಾಲ್ಲೂಕಿನ ಬಾತ್ಮೀದಾರ. ಪೂರಿಗಾಲಿಯಲ್ಲಿ ಬಣವೆಗೆ ಬೆಂಕಿ, ಬಂಡೂರಿನ ಕುರಿಹಟ್ಟಿಗೆ ಚಿರತೆ, ಅಮಲ್ದಾರರ ವರ್ಗ, ಇವು ನನ್ನ ಸರಕು. ನಮ್ಮ ಸಂಪಾದಕರು ಮೊದಲ ದಿನವೇ ಪಾಠ ಹೇಳಿದ್ದರು: ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ಸುದ್ದಿಯನ್ನು ಮೂರು ಪಾಲು ಮಾಡು, ಮೊದಲನೆಯದನ್ನು ಬರೆ, ಎರಡನೆಯದನ್ನು ವಿಚಾರಿಸು, ಮೂರನೆಯದನ್ನು ಮನೆಯಲ್ಲಿಟ್ಟು ಬಾ. ಅವರ ಕೋಣೆಯಲ್ಲಿ ಹಳೆಯ ಇಂಗ್ಲಿಷ್ ಮ್ಯಾಗಜೀನುಗಳ ರಾಶಿಯಿತ್ತು. ಅದರೊಳಗೊಂದು ಚಿತ್ರ: ಯಾವುದೋ ದೂರದೇಶದಲ್ಲಿ ಸರ್ಕಾರವೇ ಕಾಪಾಡಿಟ್ಟ ಬೆಟ್ಟ, ಅದರ ಬುಡದಲ್ಲಿ ಒಂದು ಡೇರೆ, ಒಂದು ಸೈಕಲ್ಲು, ಬೆಂಕಿಯ ಮೇಲೆ ಕೆಟಲು, ಪಕ್ಕದಲ್ಲಿ ಕಾಲು ಚಾಚಿ ಕುಳಿತ ಒಬ್ಬ ಮನುಷ್ಯ. ಒಬ್ಬನೇ. ಅವನ ಮುಖದಲ್ಲಿದ್ದ ನೆಮ್ಮದಿ ನನ್ನನ್ನು ಕೆಡಿಸಿತು.

ಒಬ್ಬನೇ ಇರುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ನಮ್ಮದು ಚಾಪೆ ಹಾಸಿದ ಕಡೆಯೆಲ್ಲ ಯಾರಾದರೂ ಮಲಗಿರುತ್ತಿದ್ದ ಮನೆ. ಜಗಲಿಯ ಮೂಲೆಯಲ್ಲಿ ಸುಮ್ಮನೆ ಕೂತರೆ ಸೋದರತ್ತೆ ಬಂದು ಹಣೆ ಮುಟ್ಟಿ ನೋಡುತ್ತಿದ್ದರು, ಜ್ವರವೇನೋ ಅಂತ. ಫಾಲ್ಗುಣದಲ್ಲಿ ನನ್ನ ಮದುವೆ ಬೇರೆ ನಿಶ್ಚಯವಾಗಿತ್ತು. ಅಷ್ಟರೊಳಗೆ ಒಂದು ಹಗಲು ಆ ಚಿತ್ರದ ಮನುಷ್ಯನಂತೆ ಇದ್ದು ನೋಡಬೇಕೆನಿಸಿತು. ಅಮ್ಮನಿಗೆ ಹೇಳಿದೆ.

"ಕಾಡಿಗ್ಯಾಕೋ? ಅಲ್ಲಿ ಯಾರಿದಾರೆ?"

"ಯಾರೂ ಇಲ್ಲಮ್ಮ, ಅದಕ್ಕೇ."

"ಯಾರೂ ಇಲ್ದಿದ್ದ ಮೇಲೆ ಯಾರನ್ನ ನೋಡಕ್ಕೆ ಹೋಗ್ತೀಯ?"

ಸಂಜೆ ದೀಪ ಹಚ್ಚುವುದರೊಳಗೆ ಬರುತ್ತೇನೆಂದು ಹೇಳಿ ಹೊರಟೆ.

ಸಾಮಾನು ಹೀಗಿತ್ತು. ಡೇರೆ ಕಟ್ಟಲು ಒಂದು ಜೋಡಿ ಪಂಚೆ. ಅದನ್ನು ನಿಲ್ಲಿಸಲು, ಹಾವು ಬಂದರೆ ಹೆದರಿಸಲು ಒಂದು ಬೆತ್ತ. ಬಿಸಿಲಿಗೆ ಕೊಡೆ. ನೀರಿಗೆ ಚೊಂಬು. ಒಂದು ಪಾತ್ರೆ, ಅಕ್ಕಿ, ಉಪ್ಪಿನಕಾಯಿ. ಓದಲು ಒಂದು ಇಂಗ್ಲಿಷ್ ಪತ್ತೇದಾರಿ ಪುಸ್ತಕ; ಕ್ಯಾರಿಯರಿನಲ್ಲಿ ಜಾಗವಿಲ್ಲದೆ ಅದನ್ನು ಕಂಕುಳಲ್ಲಿ ಇರುಕಿಕೊಂಡಿದ್ದೆ.

ಇನ್ನು ಹಲಗೂರಿನ ವಿಷಯ. ನಾನು ಮದುವೆಯಾಗಬೇಕಿದ್ದ ನಾಗರತ್ನ ಹಲಗೂರಿನ ಹೆಡ್ ಮೇಷ್ಟ್ರು ಸುಬ್ಬರಾಯರ ಮಗಳು. ಹದಿನೆಂಟು ತುಂಬಿತ್ತು, ಆ ಕಾಲಕ್ಕೆ ಅದು ಊರವರು ಮೂಗಿನ ಮೇಲೆ ಬೆರಳಿಡುವ ವಯಸ್ಸು. ತಡವಾದದ್ದಕ್ಕೆ ಕಾರಣವಿತ್ತು. ಹಿಂದೆ ಒಂದು ಸಂಬಂಧ ಗೊತ್ತಾಗಿ, ತಾಂಬೂಲ ಬದಲಾದ ಮೇಲೆ ಆ ವರ ಮನೆ ಬಿಟ್ಟು ಹೋಗಿ ಉತ್ತರದ ಕಡೆ ಯಾವುದೋ ಮಠ ಸೇರಿಬಿಟ್ಟಿದ್ದ. ತಪ್ಪು ಅವನದಾದರೂ ಮಾತು ಹುಡುಗಿಯ ಮೇಲೆ ಬಂತು. ಎರಡನೆಯ ಸಲವೂ ಹಾಗಾದರೆ ಮೂರನೆಯವನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಸುಬ್ಬರಾಯರ ಮನೆ ದಾರಿಯ ಮೇಲೇ ಇತ್ತು. ಬೀಗರ ಮನೆಯಲ್ಲಿ ಇಳಿಯುವುದು ಸುಲಭ, ಏಳುವುದು ಕಷ್ಟ. ಕಾಲಿಗೆ ನೀರು, ಕಾಫಿ, ಉಪ್ಪಿಟ್ಟು, "ಊಟ ಮಾಡ್ಕೊಂಡೇ ಹೋಗಿ", ಪಾಯಸ, ಆಮೇಲೆ ಒಂದು ದಿಂಬು. ಕಾಡು ಅಲ್ಲಿಗೇ ಮುಗಿಯುತ್ತಿತ್ತು. ಆದ್ದರಿಂದ ಹಲಗೂರು ಬಂದೊಡನೆ ಒಂದು ಕೈಯಲ್ಲಿ ಕೊಡೆ ಬಿಚ್ಚಿ ಆ ಮನೆಯ ಕಡೆಗೆ ಓರೆ ಮಾಡಿಕೊಂಡು, ತಲೆ ತಗ್ಗಿಸಿ, ಜೋರಾಗಿ ತುಳಿದೆ. ಯಾರೂ ನೋಡಲಿಲ್ಲವೆಂದು ಊಹಿಸಿದೆ. ಊಹೆಯನ್ನು ಏನು ಮಾಡಬೇಕೆಂದು ಸಂಪಾದಕರು ಹೇಳಿದ್ದರಲ್ಲ.

ಮರದ ಕೆಳಗೆ ಗಾಡಿಯ ಚಕ್ರದ ಗುಂಬಕ್ಕೆ ಎಣ್ಣೆ ಹಾಕುತ್ತಿದ್ದ ಕೆಂಪಯ್ಯ ನೋಡಿದ. ಬಂಡೂರಿನವನು; ಬಾಡಿಗೆ ಗಾಡಿ ಹೊಡೆಯುತ್ತಿದ್ದ. ನಮ್ಮವರ ಮದುವೆಗಳಿಗೆ ನೆಂಟರನ್ನು ಸಾಗಿಸಿ, ಚಪ್ಪರದ ಅಂಚಿನಲ್ಲಿ ನಿಂತು ಶಾಸ್ತ್ರವೆಲ್ಲ ನೋಡಿದ್ದವನು. ಕಾಶಿಯಾತ್ರೆಯ ಶಾಸ್ತ್ರ ನಿಮಗೆ ಗೊತ್ತಿರುತ್ತದೆ: ಮದುಮಗ ಕೊಡೆ, ಬೆತ್ತ, ಚೊಂಬು, ಪುಸ್ತಕ ಹಿಡಿದು ಸಂಸಾರ ಬೇಡವೆಂದು ಕಾಶಿಗೆ ಹೊರಡುತ್ತಾನೆ, ಹೆಣ್ಣಿನ ತಂದೆ ಅಡ್ಡಗಟ್ಟಿ, ಮಗಳನ್ನು ಕೊಡುತ್ತೇನೆ ಬನ್ನಿ ಎಂದು ಕರೆತರುತ್ತಾನೆ. ಮುಂದಿನ ಸಂಭಾಷಣೆ ನಾನು ಕೇಳಿದ್ದಲ್ಲ, ಕೆಂಪಯ್ಯನೂ ಸುಬ್ಬರಾಯರೂ ಆಮೇಲೆ ಹೇಳಿದ್ದು. ಇಬ್ಬರ ಹೇಳಿಕೆಯೂ ತಾಳೆಯಾದ್ದರಿಂದ ಕೊಡುತ್ತಿದ್ದೇನೆ.

"ಮೇಸ್ಟ್ರೇ, ನಿಮ್ಮಳಿಯ ಒಂಟೋದ್ರು."

"ಎಲ್ಲಿಗಯ್ಯ?"

"ಕಾಸಿಗೇ ಇರ್ಬೇಕು. ಕೊಡೆ ಅದೆ, ಬೆತ್ತ ಅದೆ, ಚೊಂಬು ಅದೆ, ಕಂಕುಳಲ್ಲಿ ಪುಸ್ತಕಾನೂ ಅದೆ. ಕೂಗುದ್ರೆ ತಲೆ ಎತ್ನಿಲ್ಲ."

"ಇನ್ನೂ ಮದುವೇನೇ ಆಗಿಲ್ವಲ್ಲೋ!"

"ನಾನು ಏಳ್ತಿರೋದೂ ಅದ್ನೇ ಕಣ್ ಮೇಸ್ಟ್ರೇ. ಚಪ್ರ ಆಕೋಕ್ ಮುಂಚೇನೇ ಒಂಟವ್ರೆ."

ನನಗೆ ಇದೊಂದೂ ತಿಳಿಯದು. ನಾನು ಗುಡ್ಡದ ಮೇಲೆ ಹಳ್ಳದ ಪಕ್ಕ ಒಂದು ಬಂಡೆ ಹಿಡಿದಿದ್ದೆ. ಸುತ್ತ ಎಲೆ ಉದುರುತ್ತಿದ್ದ ಮತ್ತಿ, ತಾರೆ ಮರಗಳು, ಬಿದಿರಿನ ಮೆಳೆ. ತೀರ ಕೆಳಗೆ, ಮರಗಳ ಸಂದಿನಲ್ಲಿ ಕಾವೇರಿ ಒಂದು ಚೂರು ಕಾಣುತ್ತಿತ್ತು. ಆನೆಯ ಲದ್ದಿಯಿತ್ತು, ಹಳೆಯದು ಎಂದು ನಿರ್ಧರಿಸಿದೆ. ಡೇರೆ ಎರಡು ಸಲ ಎದ್ದು ಮೂರು ಸಲ ಬಿತ್ತು. ಕೊನೆಗೆ ಪಂಚೆಯನ್ನು ಹೊದ್ದು ಅದರ ಮೇಲೆ ಕೊಡೆ ಬಿಚ್ಚಿಕೊಂಡು ಕೂತೆ. ಚಿತ್ರದ ಮನುಷ್ಯನಂತೆ ಕಾಲು ಚಾಚಿದೆ. ನೆಮ್ಮದಿ ಬಂತು. ಬಂದೊಡನೆ, "ನೋಡಿದ್ಯಾ, ಎಷ್ಟು ಚೆನ್ನಾಗಿದೆ!" ಎಂದು ಜೋರಾಗಿ ಹೇಳಿದೆ. ಎದುರಿನ ಮರದ ಕರಿಮೂತಿಯ ಮುಸುಯ ಕೋತಿ ನನ್ನತ್ತ ನೋಡಿ ಬೇರೆ ಕೊಂಬೆಗೆ ಹೋಯಿತು. ಒಂಟಿತನದ ತೊಡಕು ಆಗ ಗೊತ್ತಾಯಿತು. ಪತ್ತೇದಾರಿ ಪುಸ್ತಕದಲ್ಲಿ ಮೊದಲ ಹೆಣ ಬೀಳುವ ಹೊತ್ತಿಗೆ ಅನ್ನವೂ ಕರಕಲಾಗಿ ಹೊಗೆಯೆದ್ದಿತು.

ಆ ಹೊಗೆಯೇ ಅವರಿಗೆ ದಾರಿ ತೋರಿಸಿತಂತೆ. ಮೊದಲು ಸುಬ್ಬರಾಯರು ಕಂಡರು. ಗುಂಡಿ ಹಾಕಿದ ಕೋಟು, ಬೆವರು, ಪೇಟ ಕೈಯಲ್ಲಿ. ಗಾಡಿ ಹತ್ತದ ಏರನ್ನು ನಡೆದೇ ಹತ್ತಿದ್ದರು. ಹಿಂದೆ ಚಾವಟಿ ಹಿಡಿದ ಕೆಂಪಯ್ಯ.

"ನಿಲ್ಲಿ!" ಎಂದರು ಸುಬ್ಬರಾಯರು.

ನಾನು ಕೂತಿದ್ದೆ. ಹೇಳಿದರಲ್ಲ ಎಂದು ಎದ್ದು ನಿಂತೆ.

"ನನ್ನ ಮಗಳು ಬೇಡ ಅಂದ್ರೆ ಬಾಯಿಬಿಟ್ಟು ಹೇಳಿ. ಹೀಗೆ ಹೇಳದೆ ಕೇಳದೆ ಹೊರಡಬೇಡಿ. ಒಬ್ಬ ಹೋದದ್ದು ಸಾಕು."

"ಸಾರ್, ಒಂದು ದಿನ ಒಬ್ಬನೇ ಇರೋಣ ಅಂತ ಬಂದೆ ಅಷ್ಟೆ."

"ಒಬ್ಬನೇ ಇದ್ದು ಏನ್ ಮಾಡ್ತೀಯ?" ಬಹುವಚನ ಅಲ್ಲಿಗೆ ಹೋಯಿತು.

"ಏನೂ ಮಾಡಲ್ಲ."

"ಏನೂ ಮಾಡದೆ ಕಾಡಲ್ಲಿ ಕೂರೋದಕ್ಕೇ ಸನ್ಯಾಸ ಅಂತಾರೆ ಕಣಯ್ಯ!"

"ಸುಮ್ಕೆ ಬನ್ನಿ ಸಾಮಿ," ಎಂದು ಕೆಂಪಯ್ಯ ನಡುವೆ ಬಾಯಿ ಹಾಕಿದ. "ಎಣ್ಣು ಚೆಂದಾಗದೆ. ಮಾತು ವಸಿ ಜೋರು, ಅದ್ಕೆಲ್ಲ ಮಟ ಸೇರ್ಕತಾರಾ?"

ಸುಬ್ಬರಾಯರು ಬಂಡೆಯ ಮೇಲೆ ಕೂತರು. ದನಿ ಇಳಿಯಿತು. "ಇವನು ಬಂದು ಹೇಳಿದ್ದು ಅವಳಿಗೂ ಕೇಳಿಸ್ತು. ಅಳಲಿಲ್ಲ. ಹೋಗಿ ಬೀಸೋ ಕಲ್ಲಿನ ಮುಂದೆ ಕೂತಳು. ಹಿಟ್ಟಿನ ಡಬ್ಬ ತುಂಬಿತ್ತು. ಆದ್ರೂ ನಾನು ಹೊರಡೋವಾಗ ಬೀಸ್ತಾನೇ ಇದ್ಳು."

ತಮಾಷೆಗೆ ಹೊರಟವನ ಬೆನ್ನ ಹಿಂದೆ ಒಂದು ಬೀಸುವ ಕಲ್ಲು ತಿರುಗುತ್ತಿತ್ತು ಎಂಬುದು ನನ್ನ ಸುದ್ದಿಯ ಮೂರು ಪಾಲಿನಲ್ಲಿ ಯಾವುದರಲ್ಲೂ ಇರಲಿಲ್ಲ. "ಇಳಿದಿದ್ರೆ ನೀವು ಬಿಡ್ತಿರಲಿಲ್ಲ, ಅದಕ್ಕೇ ಇಳಿಯಲಿಲ್ಲ," ಎಂದಷ್ಟೇ ಹೇಳಿದೆ.

ಮೇಷ್ಟ್ರಿಗೆ ಮಾತು ಸಾಲದು, ಸಾಕ್ಷಿ ಬೇಕು. ಇನ್ಸ್‌ಪೆಕ್ಷನ್ನಿಗೆ ಬಂದವರಂತೆ ಬಿಡಾರವನ್ನೆಲ್ಲ ನೋಡಿದರು. ಪುಸ್ತಕ ಎತ್ತಿದರು. ರಟ್ಟಿನ ಮೇಲೆ ಪಿಸ್ತೂಲು ಹಿಡಿದ ಹೆಂಗಸಿದ್ದಳು. "ವೈರಾಗ್ಯದ ಪುಸ್ತಕ ಅಲ್ಲ," ಎಂದು ಪಕ್ಕಕ್ಕಿಟ್ಟರು. ಪಾತ್ರೆಯ ಮುಚ್ಚಳ ತೆಗೆದರು. ತಳ ಇದ್ದಿಲು, ಮೇಲೆ ಅಕ್ಕಿ, ನಡುವೆ ಮಾತ್ರ ಅನ್ನವೆನ್ನಬಹುದಾದದ್ದು ಸ್ವಲ್ಪ. ಅದರಲ್ಲಿ ನಾಲ್ಕು ಅಗುಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಮುಖ ತಿಳಿಯಾಯಿತು.

"ಕೆಂಪಯ್ಯ, ಇವರು ಎಲ್ಲಿಗೂ ಹೋಗಲ್ಲ. ಈ ಅನ್ನ ತಿಂದುಕೊಂಡು ಯಾವ ಸನ್ಯಾಸಿಯೂ ಎರಡನೇ ದಿನ ನಿಲ್ಲಲ್ಲ."

"ನಮ್ ಬಂಡೂರ್ ಕುರಿ ಕೂಡ ಮೂಸಕಿಲ್ಲ ಬುಡಿ," ಎಂದ ಕೆಂಪಯ್ಯ.

"ಇವರು" ಎಂದದ್ದನ್ನು ಗಮನಿಸಿದಿರಾ? ಬಹುವಚನ ವಾಪಸು ಬಂದಿತ್ತು.

ಎತ್ತುಗಳು ಸುಧಾರಿಸಿಕೊಳ್ಳುವವರೆಗೆ ಹೊರಡುವಂತಿರಲಿಲ್ಲ. ಸುಬ್ಬರಾಯರು ಕೋಟು ಬಿಚ್ಚಿ ಬಂಡೆಯ ಮೇಲೆ ಅಂಗಾತ ಮಲಗಿದರು. ಸ್ವಲ್ಪ ಹೊತ್ತಾದ ಮೇಲೆ, "ಇಷ್ಟು ಹೊತ್ತು ಯಾರೂ ನನ್ನನ್ನ ಏನೂ ಕೇಳ್ಲಿಲ್ಲ ನೋಡಿ," ಎಂದರು, ಯಾರೋ ಉಡುಗೊರೆ ಕೊಟ್ಟಂತೆ. ನಾನು ಏನೋ ಹೇಳಹೊರಟೆ. "ಮಾತಾಡಬೇಡಿ," ಎಂದು ಕಣ್ಣು ಮುಚ್ಚಿದರು. ಆ ದಿನ ಆ ಗುಡ್ಡದಲ್ಲಿ ಚಿತ್ರದ ಮನುಷ್ಯನಾದವರು ಅವರು. ಕೆಂಪಯ್ಯ ಮಾತ್ರ ಎತ್ತುಗಳ ವಂಶಾವಳಿಯನ್ನು ಕಾಡಿಗೆಲ್ಲ ಕೇಳುವಂತೆ ನನಗೆ ಹೇಳುತ್ತಲೇ ಇದ್ದ.

ಸೈಕಲ್ಲನ್ನು ಗಾಡಿಯ ಹಿಂದೆ ಕಟ್ಟಿ ಇಳಿದೆವು. ಹಲಗೂರಿನಲ್ಲಿ ಈ ಸಲ ಇಳಿದೆ. ಕಾಲಿಗೆ ನೀರು, ಕಾಫಿ, ಉಪ್ಪಿಟ್ಟು, ಯಾವುದೂ ತಪ್ಪಲಿಲ್ಲ. ಕಾಫಿ ತಂದದ್ದು ನಾಗರತ್ನ. ಮೊಣಕೈವರೆಗೆ ಹಿಟ್ಟಿತ್ತು. ಲೋಟ ಇಟ್ಟು, ಒಳಗೆ ಹೋಗದೆ ಬಾಗಿಲ ಹತ್ತಿರವೇ ನಿಂತಳು. ಹಿರಿಯರ ಎದುರಿಗೆ ನೇರವಾಗಿ ಕೇಳಿದಳು:

"ಸಂಜೆಗೆ ವಾಪಸ್ ಬರ್ತೀನಿ ಅಂತ ಯಾರಿಗಾದ್ರೂ ಹೇಳಿ ಹೋಗಿದ್ರಾ?"

"ಅಮ್ಮನಿಗೆ ಹೇಳಿದ್ದೆ."

"ಇನ್ಮೇಲೆ ನನಗೂ ಹೇಳಿ," ಎಂದು ಒಳಗೆ ಹೋದಳು. ಸುಬ್ಬರಾಯರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಫಾಲ್ಗುಣದಲ್ಲಿ ಮದುವೆಯಾಯಿತು. ಕಾಶಿಯಾತ್ರೆಯ ಹೊತ್ತಿಗೆ ಪುರೋಹಿತರು ನನಗೆ ಕೊಡೆ, ಬೆತ್ತ ಹಿಡಿಸಿದರು. ನಾನು ಬೀದಿಗಿಳಿದೆ. ಅಡ್ಡಗಟ್ಟಬೇಕಾದ ಮಾವನವರು ಚಪ್ಪರದ ಕಂಬಕ್ಕೆ ಒರಗಿ ನಿಂತೇ ಇದ್ದರು. "ನಾನು ಒಂದು ಸಲ ಕರೆದಾಗಿದೆ," ಎಂದರು ಪುರೋಹಿತರಿಗೆ. ಬೀದಿಯ ಆಚೆಯಿಂದ ಕೆಂಪಯ್ಯ, "ಗಾಡಿ ಕಟ್ಲಾ ಮೇಸ್ಟ್ರೇ?" ಎಂದು ಕೂಗಿದ. ತಂದೆಯನ್ನು ಅಣ್ಣನೆಂದೇ ಕರೆಯುತ್ತಿದ್ದ ನಾಗರತ್ನ ಒಳಗಿನಿಂದ, "ಅಣ್ಣಾ, ಸಾಕು, ಹೋಗಿ ಕರೀರಿ," ಎಂದ ಮೇಲೆಯೇ ಅವರು ಕಂಬ ಬಿಟ್ಟದ್ದು.

ಮಾವನವರೂ ಕೆಂಪಯ್ಯನೂ ಈಗಿಲ್ಲ. ಆ ಕಾಡನ್ನು ಈಗ ನಮ್ಮ ಸರ್ಕಾರವೂ ಕಾಪಾಡುತ್ತಿದೆ, ಗೇಟು ಬಂದಿದೆ. ಒಂದು ಹಗಲು ಆ ಬಂಡೆಯ ಹತ್ತಿರ ಕೂತು ಬರಬಹುದೇ ಎಂದು ಕಳೆದ ವಾರ ಬಸ್ಸು ಹತ್ತಿ ಹೋಗಿ ವಿಚಾರಿಸಿದೆ. ಒಬ್ಬರನ್ನೇ ಒಳಗೆ ಬಿಡುವುದಿಲ್ಲ, ಜೊತೆಗೆ ಇನ್ನೊಬ್ಬರು ಇರಲೇಬೇಕು ಎಂದರು. ನನ್ನ ಹೆಸರೂ ನಾಗರತ್ನಳ ಹೆಸರೂ ಹೇಳಿ ಬಂದೆ. ಬರುತ್ತೀಯಾ ಎಂದು ನಿನ್ನೆ ಆಕೆಯನ್ನು ಕೇಳಿದೆ. ಆ ಯೋಚನೆಯಲ್ಲೇ ಇವತ್ತು ಆಕೆ ಒಲೆಯ ಮೇಲಿನ ಅನ್ನ ಮರೆತಳು.