ಬೀಗಿತ್ತಿಯ ಬರ್ನಿನಾ

ಮದುವೆಯಾದ ಹುಡುಗಿಯ ಮಂಚಕ್ಕೆ ಮೊದಲು ಹಾಸಬೇಕಾದದ್ದು ಅಜ್ಜಿ ಹೊಲಿದ ಕೌದಿ. ನೆಬ್ರಾಸ್ಕಾದ ನಮ್ಮ ಪುಟ್ಟ ಊರಿನಲ್ಲಿ ಈ ವಿಷಯದಲ್ಲಿ ಯಾರದೂ ತಕರಾರಿಲ್ಲ. ಆರ್ಡಿತ್ ಕೋಲ್ಟರ್‌ಮನ್ ತನ್ನ ಕಡೆಯ ಹುಡುಗಿಯರಿಗೆಲ್ಲ ಹೊಲಿದುಕೊಟ್ಟವಳು, ಅದರ ಜಂಬವೂ ಇದ್ದವಳು. ಆದರೆ ಮೊಮ್ಮಗಳು ಕೆಂಡ್ರಾಳ ಮದುವೆ ನಿಶ್ಚಯವಾದಾಗ ಅವಳಿಗೆ ನಿದ್ದೆ ಹಾರಿಹೋಯಿತು. ಕೆಂಡ್ರಾಗೆ ಅಜ್ಜಿಯರು ಇಬ್ಬರು. ಎರಡನೆಯವಳು ಲವೋನ್, ಆರ್ಡಿತಳ ಸೊಸೆಯ ತಾಯಿ. ಮಂಚ ಮಾತ್ರ ಒಂದೇ.

ಈ ಬೀಗಿತ್ತಿ ಕೌದಿ ಹೊಲಿಯಲು ಕಲಿತದ್ದೇ ಚರ್ಚಿನ ನೆಲಮಾಳಿಗೆಯಲ್ಲಿ, ಆರ್ಡಿತಳ ಪಕ್ಕ ಕೂತು. ಆಗ ಅವಳು ಹಾಕಿದ ಗಂಟು ಸಹ ನಿಲ್ಲುತ್ತಿರಲಿಲ್ಲ. ಅಂಥವಳು ಹೋದ ವರ್ಷ ಒಂದು ಬರ್ನಿನಾ ಹೊಲಿಗೆ ಯಂತ್ರ ಕೊಂಡಳು. ಬಟ್ಟೆಯನ್ನು ಕೈಯಲ್ಲಿ ಬೇಗ ಆಡಿಸಲಿ, ನಿಧಾನವಾಗಿ ಆಡಿಸಲಿ, ಆ ಯಂತ್ರ ತಾನೇ ಅಂದಾಜು ಮಾಡಿ ಒಂದೇ ಅಳತೆಯ ಹೊಲಿಗೆ ಹಾಕುತ್ತದೆ. ಆ ಸಲದ ಕೌಂಟಿ ಪ್ರದರ್ಶನದಲ್ಲಿ ಎಲ್ಲಕ್ಕಿಂತ ದೊಡ್ಡ ಬಹುಮಾನವಾದ ನೇರಳೆ ರಿಬ್ಬನ್ ಲವೋನಳ ಕೌದಿಗೆ ಬಂತು. ಆರ್ಡಿತ್ ಎಲ್ಲರೆದುರು ಅವಳನ್ನು ತಬ್ಬಿಕೊಂಡು ಹೊಗಳಿದಳು. ಮನೆಗೆ ಬಂದ ಮೇಲೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

“ಹೊಲ್ದಿದ್ದು ಯಂತ್ರ, ರಿಬ್ಬನ್ ಇವಳಿಗೆ!”

“ನೀನೇನು ಉಗುರಲ್ಲಿ ಹೊಲೀತೀಯಾ?” ಎಂದ ಗಂಡ ಎಲ್ಡನ್, ಪೇಪರಿನಿಂದ ತಲೆ ಎತ್ತದೆ.

“ನನ್ನ ಸಿಂಗರ್ ನಾನು ಹೇಳಿದಷ್ಟು ಮಾಡತ್ತೆ. ಅವಳದರ ಹಾಗೆ ಜಾಣತನ ತೋರ್ಸಲ್ಲ.”

ಆದರೆ ಅವಳ ಸಿಂಗರ್ ಚಿಕ್ಕದು. ಮಂಚದಗಲದ ಕೌದಿಯನ್ನು ಸುರುಳಿ ಸುತ್ತಿ ಅದರ ತೋಳಿನಡಿ ತೂರಿಸುವಷ್ಟರಲ್ಲಿ ಭುಜ ಬಿದ್ದುಹೋಗುತ್ತಿತ್ತು. ಲವೋನ್ ಕೆಂಡ್ರಾಗಾಗಿ ಬಟ್ಟೆ ಕತ್ತರಿಸಲು ಶುರು ಮಾಡಿದ್ದಾಳೆಂಬ ಸುದ್ದಿ ಕಿವಿಗೆ ಬಿದ್ದ ಮರುದಿನವೇ ಆರ್ಡಿತ್ ಗಂಡನನ್ನು ಎಬ್ಬಿಸಿಕೊಂಡು ಲಿಂಕನ್ ನಗರದ ಹೊಲಿಗೆ ಯಂತ್ರದ ಅಂಗಡಿಗೆ ಹೊರಟಳು.

ಹೊಲಿಗೆ ಬಲ್ಲವರು ಅಂಗಡಿಯವರ ತುಂಡುಬಟ್ಟೆಯ ಮೇಲೆ ಯಂತ್ರ ಪರೀಕ್ಷಿಸುವುದಿಲ್ಲ. ಆರ್ಡಿತ್ ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿ ಇಟ್ಟು ತಾನೇ ಸಿದ್ಧ ಮಾಡಿದ ಚೌಕವನ್ನು ತಂದಿದ್ದಳು. ಅಂಗಡಿಯ ಡ್ವೇನ್ ಅವಳನ್ನು ಬರ್ನಿನಾ ಮುಂದೆ ಕೂರಿಸಿದ. ಅವಳು ಬಟ್ಟೆಯನ್ನು ಆಡಿಸುತ್ತಾ ಒಂದು ಗರಿಯ ಚಿತ್ತಾರ ಹೊಲಿದಳು. ಜೀವಮಾನದಲ್ಲಿ ಅಷ್ಟು ಚೆಂದದ ಗರಿ ಅವಳ ಕೈಯಿಂದ ಬಂದಿರಲಿಲ್ಲ. ಎದೆ ತುಂಬಿ ಬಂತು. ಇದು ತನಗೆ ಬೇಕೇ ಬೇಕು ಅನ್ನಿಸಿತು.

“ಕಣ್ಮುಚ್ಕೊಂಡು ತಗೊಳ್ಳಿ,” ಎಂದ ಡ್ವೇನ್. “ನಿಮ್ಮೂರಿನ ಲವೋನ್ ಅವ್ರೂ ಇದನ್ನೇ ತಗೊಂಡ್ರು.”

ಪಾಪ, ಅವನಿಗೇನು ಗೊತ್ತು! ಆರ್ಡಿತ್ ಕುರ್ಚಿ ಹಿಂದೆ ಸರಿಸಿ ಎದ್ದಳು. ಇದರಲ್ಲಿ ಏನು ಹೊಲಿದರೂ ಊರು ಏನನ್ನುತ್ತದೆ? ಲವೋನಳನ್ನು ನೋಡಿ ಕಲಿತಳು ಅನ್ನುತ್ತದೆ. ಆ ಮಾತು ಕೇಳುವುದಕ್ಕಿಂತ ಸೂಜಿ ನುಂಗುವುದು ವಾಸಿ.

“ಆ ಇನ್ನೊಂದು ತೋರ್ಸಿ.”

“ಅದು ಜೂಕಿ. ನೇರ ಹೊಲಿಗೆಗೆ ಅದನ್ನ ಮೀರಿಸೋದು ಕಷ್ಟ. ಆದ್ರೆ ನಿಮಗೆ ಬೇಕಾಗಿರೋದು ಗರಿ ಅಲ್ವಾ? ಇದರಲ್ಲಿ ಅಳತೆಯೆಲ್ಲ ನಿಮ್ಮ ಕೈಯೇ ನೋಡ್ಕೋಬೇಕು.”

“ನಮ್ಮೂರಲ್ಲಿ ಇದು ಯಾರ ಹತ್ರ ಇದೆ?”

“ಯಾರ ಹತ್ರಾನೂ ಇಲ್ಲ.”

“ಹಾಗಾದ್ರೆ ಇದನ್ನೇ ಕಟ್ಟಿಕೊಡಿ.”

ದಾರಿಯಲ್ಲಿ ಎಲ್ಡನ್ ಗಡ್ಡ ಕೆರೆದುಕೊಂಡು ನಕ್ಕ. “ನಿಮ್ಮಪ್ಪನೂ ಹೀಗೇ. ಪಕ್ಕದ ಹೊಲದವನ ಟ್ರ್ಯಾಕ್ಟರ್ ಹಸಿರು ಅಂತ ತಾನು ಕೆಂಪು ತಗೊಂಡ.”

“ನೀವು ರಸ್ತೆ ನೋಡ್ಕೊಂಡು ಓಡ್ಸಿ.”

ಜೂಕಿಯಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಆರ್ಡಿತಳ ಬೆರಳುಗಳಲ್ಲಿ. ಸಂಧಿವಾತ ಅವುಗಳನ್ನು ಹಿಡಿದಿತ್ತು. ಗರಿಯ ತಿರುವಿನಲ್ಲಿ ಹೊಲಿಗೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು. ಅಲ್ಲಿ ಲವೋನ್ ಕಾಫಿ ಹೀರುತ್ತಾ, ಅಳತೆಯ ಚಿಂತೆಯನ್ನು ಯಂತ್ರಕ್ಕೆ ಬಿಟ್ಟು, ಗರಿಯ ಮೇಲೆ ಗರಿ ಬಿಡಿಸುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು, ಹೊಟ್ಟೆ ಧಗಧಗ ಉರಿಯುತ್ತಿತ್ತು. ಕೊನೆಗೆ ಬಟ್ಟೆ ಸವೆಯುತ್ತದೆಂಬ ಭಯಕ್ಕೆ ಗರಿಯ ಆಸೆ ಬಿಟ್ಟು, ಈ ತುದಿಯಿಂದ ಆ ತುದಿಗೆ ಬರೀ ನೇರ ಗೆರೆ ಹೊಲಿದು ಮುಗಿಸಿದಳು.

ಮದುವೆಗೆ ಮುಂಚೆ ಹೆಂಗಸರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿದರು. ಹ್ಯಾಮ್ ಇಟ್ಟ ಬನ್ನು, ನಡುಗುವ ಹಸಿರು ಜೆಲ್ಲಿ, ದೊಡ್ಡ ಪಾತ್ರೆಯ ತುಂಬ ಕಾಫಿ. ಕೆಂಡ್ರಾ ನಡುವೆ ಕೂತು ಉಡುಗೊರೆಗಳನ್ನು ಬಿಚ್ಚಿದಳು. ಲವೋನಳ ಕೌದಿ ಹೊರಬಂದಾಗ ಹೆಂಗಸರೆಲ್ಲ ಕುರ್ಚಿ ಬಿಟ್ಟು ಹತ್ತಿರ ಬಂದರು. ಮೈತುಂಬ ಗರಿಗಳು, ಒಂದು ಹೊಲಿಗೆಯೂ ಹೆಚ್ಚುಕಡಿಮೆ ಇಲ್ಲ. ಆಮೇಲೆ ಆರ್ಡಿತಳದು ಬಂತು. “ತುಂಬಾ ಮೆತ್ತಗಿದೆ,” ಎಂದರು ಹೆಂಗಸರು. ಹೊಗಳಲು ಬೇರೇನೂ ಸಿಗದಾಗ ಕೌದಿಗೆ ಹೇಳುವ ಮಾತು ಅದು. ಆರ್ಡಿತಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕೆಂಡ್ರಾ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಸವರಿದಳು.

“ಲವೋನಜ್ಜಿ, ಇದನ್ನ ಮಂಚಕ್ಕೆ ಹಾಸೋಕೆ ನನಗೆ ಧೈರ್ಯ ಸಾಲ್ದು. ನಮ್ಮ ನಾಯಿ ಮಂಚದ ಮೇಲೇ ಬಿದ್ಕೊಂಡಿರತ್ತೆ. ನಿನ್ನದನ್ನ ಗೋಡೆಗೆ ತೂಗುಹಾಕ್ತೀನಿ. ಆರ್ಡಿತಜ್ಜಿದು ಮಂಚಕ್ಕೆ. ಇದಾದ್ರೆ ದಿನಾ ಹೊದ್ಕೋಬಹುದು, ಒಗೀಬಹುದು.”

ಲವೋನಳ ಮುಖ ಸಣ್ಣದಾಯಿತು. ತಟ್ಟೆ ತೊಳೆಯುವಾಗ ಅವಳು ಆರ್ಡಿತಳ ಪಕ್ಕಕ್ಕೆ ಬಂದು ನಿಂತಳು. ಕಣ್ಣು ಒದ್ದೆಯಾಗಿತ್ತು.

“ಇಷ್ಟೆಲ್ಲ ಮಾಡ್ದೆ. ಕಡೆಗೂ ಮಂಚ ನಿನಗೇ ಸಿಕ್ತಲ್ಲೇ,” ಎಂದಳು.

“ಎಲ್ಲಾ ದೇವರಿಚ್ಛೆ,” ಎಂದಳು ಆರ್ಡಿತ್, ಅವಳ ಬೆನ್ನು ಸವರುತ್ತಾ. ಕೇಳಿದ್ದು ಸಿಕ್ಕಿತ್ತು. ಗೆದ್ದವಳು ತಾನೇ. ಒಂದು ತಟ್ಟೆ ಒರೆಸಿದಳು, ಎರಡನೆಯದನ್ನೂ ಒರೆಸಿದಳು. ಆಮೇಲೆ ಬಟ್ಟೆಯನ್ನು ಅಲ್ಲೇ ಬಿಸಾಕಿ, ಕಾರಿಗೆ ಸಾಮಾನು ತುಂಬುತ್ತಿದ್ದ ಕೆಂಡ್ರಾಳ ಬಳಿ ಹೋಗಿ ಅವಳ ತೋಳು ಹಿಡಿದಳು.

“ಪುಟ್ಟಾ, ಆ ಗೋಡೆ ಅಂದ್ಯಲ್ಲ,” ಎಂದಳು ಮೆಲ್ಲಗೆ. “ಬಾಗಿಲು ತೆಗೆದ ಕೂಡಲೇ ಕಾಣತ್ತಾ ಅದು?”