ಹರ್ಷದಾ ಬಕೆಟ್ ಇಟ್ಟ ಎತ್ತರ

ಸಿಕಂದರಾಬಾದಿನ ಬೀದಿ ಇನ್ನೂ ಎದ್ದಿಲ್ಲ. ಅರ್ಧ ಎತ್ತಿದ ಷಟರಿನೊಳಗೆ ಹರ್ಷದಾ ಬಗ್ಗಿ ನಿಂತು, ಅಂಗೈಯಷ್ಟು ಪಂಪಿಗೆ ಕಿವಿಗೊಟ್ಟಿದ್ದಾರೆ. ಆಟೋಗಳು ಶುರುವಾದರೆ ಅದರ ಸದ್ದು ಕೇಳಿಸುವುದಿಲ್ಲ. ಈ ಪಂಪು ನೂಕುವ ನೀರು ಕಂಪ್ಯೂಟರಿನ ಬಿಸಿ ಹೀರಿಕೊಂಡು, ರೇಡಿಯೇಟರಿನಲ್ಲಿ ತಣಿದು, ಮತ್ತೆ ಸುತ್ತಬೇಕು. ಇಂಥ ಯಂತ್ರಗಳನ್ನು ಜೋಡಿಸುವುದು ಹರ್ಷದಾ ಅವರ ಕೆಲಸ. ಕೊಳ್ಳುವವರಿಗೆ ಗೊತ್ತಿರುವುದು ಅಂಗಡಿಯ ಹೆಸರು ಮಾತ್ರ.

"ಥೂ! ಎಂಥಾ ಹುಚ್ಚಿ ಇದ್ದೀನ್ರಿ ನಾ" ಎಂದು ಒಮ್ಮೆಲೇ ಅವರ ಬಗ್ಗೆ ಬರೆಯಲು ಬಂದ ನನಗೆ ನೆಲದ ಮೇಲಿನ ಬಕೆಟ್ ತೋರಿಸುತ್ತಾರೆ.

ಬೇಗಂಪೇಟೆಯಲ್ಲಿ ಧ್ವನಿ ಸಂಕಲನ ಮಾಡುವ ಮೈಸೂರಿನ ವಿನಾಯಕ ತಮ್ಮ ಯಂತ್ರಕ್ಕೆ ದೊಡ್ಡ ಪಂಪೇ ಬೇಕೆಂದು ಹಟ ಹಿಡಿದಿದ್ದರು. ಅದರ ಖೋಕಾದ, ಅಂದರೆ ರಟ್ಟಿನ ಪೆಟ್ಟಿಗೆಯ ಮೇಲೆ, ಎಷ್ಟು ನೀರು ನೂಕುತ್ತದೆ ಎಂಬ ದೊಡ್ಡ ಅಂಕಿ ಇತ್ತು.

"ಎಲ್ಲಾರೂ ಖೋಕಾ ಓದಿ ಬರತಾರ. ಆ ನಂಬರು ಪಂಪಿಗೆ ಏನೂ ಜೋಡಿಸದ ಓಡಿಸಿದ್ದು. ಇಲ್ಲಿ ರೇಡಿಯೇಟರ್ ಐತಿ, ಸಣ್ಣ ಸಂದಿ ಅದಾವ, ಇಷ್ಟೆಲ್ಲಾ ತಿರುವು. ಹೇಳಿ ಹೇಳಿ ಬಾಯಿ ಬತ್ತೇತ್ರಿ."

ಹಾಗಾಗಿ ಅವರು ಎರಡೂ ಪಂಪುಗಳನ್ನು ಅದೇ ಯಂತ್ರಕ್ಕೆ ಸರದಿಯಲ್ಲಿ ಜೋಡಿಸಿ, ಯಾವುದು ಬಕೆಟ್ಟನ್ನು ಬೇಗ ತುಂಬಿಸುತ್ತದೆ ಎಂದು ನೋಡುತ್ತಾರೆ. ನಿನ್ನೆ ಗೆದ್ದದ್ದು ಸಣ್ಣ ಪಂಪು. ವಿನಾಯಕ ಗೊಣಗುತ್ತಲೇ ಒಪ್ಪಿದ್ದರು. ಆದರೆ ದೊಡ್ಡದರ ಸರದಿಯಲ್ಲಿ ಬಕೆಟ್ ಮೇಜಿನ ಮೇಲಿತ್ತು. ಸಣ್ಣದರ ಹೊತ್ತಿಗೆ ಮಾಲೀಕ ಸಂಗಣ್ಣ ಅಲ್ಲಿ ಊಟದ ಡಬ್ಬಿ ಬಿಚ್ಚಿದ್ದರಿಂದ ಅದು ನೆಲಕ್ಕಿಳಿಯಿತು. ತಪ್ಪಾಗಿ ಬರೆಯಬಾರದೆಂದು ಮತ್ತೆ ಕೇಳಿದೆ. ಪೈಪಿನಲ್ಲಿ ಕೆಳಕ್ಕೆ ಇಳಿಯುವ ನೀರು ಹಿಂದಿನ ನೀರನ್ನೂ ಎಳೆದುಕೊಳ್ಳುತ್ತದಂತೆ. ಆ ಎಳೆತದ ಶ್ರೇಯವೂ ಸಣ್ಣ ಪಂಪಿಗೇ ಸಿಕ್ಕಿದೆ.

ಈಗ ಬಕೆಟ್ಟನ್ನು ಮೇಜಿನ ಮೇಲೆಯೇ ಇಟ್ಟು ಎರಡನ್ನೂ ಅಳೆದಾಗ ದೊಡ್ಡದು ಮುಂದೆ.

"ಸುಮ್ಮಿರವ್ವಾ. ಒಪ್ಕೊಂಡು ಹೋದಾಂವನ್ನ ಯಾಕ ಕೆದಕತಿ? ಗಿರಾಕಿ ಕೈ ಬಿಡತಾನ" ಎಂದು ಆಗಷ್ಟೇ ಬಂದ ಸಂಗಣ್ಣ ತಡೆಯುತ್ತಾರೆ.

"ನಿಮ್ಮ ಜುಣಕದ ಡಬ್ಬೀಲಿಂದನ ಇಷ್ಟೆಲ್ಲಾ ಆಗೇತಿ ಕಾಕಾ!"

ಬೀದರಿನ ಕಡೆಯಿಂದ ರೈಲ್ವೆ ನೌಕರಿಗೆ ಬಂದವರ ಮೊಮ್ಮಗಳು ಹರ್ಷದಾ. ಮೊದಲು ಅಕ್ವೇರಿಯಂ ಅಂಗಡಿಯಲ್ಲಿದ್ದರು. "ಅಲ್ಲಿ ಪಂಪಿನ ಬಗ್ಗೆ ಸುಳ್ಳು ಹೇಳಿದ್ರ ಮೀನ ಸಾಯತಿದ್ವು. ಇಲ್ಲಿ ನನ್ನ ಮಾತು ಸಾಯತೈತಿ" ಎನ್ನುತ್ತಾ ವಿನಾಯಕರಿಗೆ ಫೋನ್ ಹಚ್ಚುತ್ತಾರೆ.

"ಸರ್, ನಿನ್ನೆ ನಾ ಹೇಳಿದ್ದು ತಪ್ಪರಿ. ದೊಡ್ಡ ಪಂಪಿಂದನ ನೀರು ಹೆಚ್ಚು."

"ನಾನು ಬಡ್ಕೊಂಡೆ ಅಲ್ವಾ ಮೇಡಂ!"

"ಖೋಕಾ ನೋಡಿ ಬಡ್ಕೊಂಡ್ರಿ."

"ಈಗ ನಿಮ್ಮ ಯಾವ ಮಾತು ನಂಬ್ಲಿ?"

"ಯಾವದೂ ನಂಬಬ್ಯಾಡ್ರಿ. ಬಂದು ಪೈಪ್ ನೀವ ಹಿಡೀರಿ. ದೊಡ್ಡದು ಗುಂಯ್ ಅನ್ನೂದೂ ಜಾಸ್ತಿ, ಅದನ್ನೂ ಕೇಳ್ರಿ."

ಆಫೀಸಿಗೆ ಹೋಗುವ ಮುನ್ನ ವಿನಾಯಕ ಸಿಡುಕುತ್ತಲೇ ಬರುತ್ತಾರೆ. ಪೈಪು ಹಿಡಿದು ತೋಳು ತೋಯಿಸಿಕೊಳ್ಳುತ್ತಾರೆ. ಹರ್ಷದಾ ದೊಡ್ಡ ಪಂಪಿನ ವೇಗ ತಗ್ಗಿಸುತ್ತಾ ಹೋಗುತ್ತಾರೆ, ಗುಂಯ್ ಸದ್ದು ಅಡಗುವವರೆಗೆ. ವಿನಾಯಕ ಕಣ್ಣು ಮುಚ್ಚಿ ಕೇಳಿ, "ಇದೇ ಇರ್ಲಿ, ಇಷ್ಟೇ ಸ್ಪೀಡಲ್ಲಿ. ಸಂಜೆ ಬರ್ತೀನಿ" ಎನ್ನುತ್ತಾರೆ.

ಇನ್ನೇನು ಬೇಕೆಂದು ಹರ್ಷದಾ ಅವರನ್ನು ಕೇಳಿದೆ.

"ಬಕೆಟ್ ಇಡಾಕ ಒಂದು ಕಬ್ಬಿಣದ ಸ್ಟ್ಯಾಂಡ್ ಬೇಕ್ರಿ, ಅಷ್ಟ." ಸಂಗಣ್ಣನ ಕಡೆ ಒಮ್ಮೆ ದುರುಗುಟ್ಟಿ ನೋಡುತ್ತಾರೆ. "ಅದೂ ಡಬ್ಬಿ ಇಡಾಕ ಜಾಗಾ ಇರದಂಥಾದ್ದು."