ಸ್ಟುಡಿಯೋದ ನೀಲಿ ಕೋಟು

ನಮ್ಮ ಪ್ರಾಥಮಿಕ ಸಾಲೆಯ ಹಳೆಯ ಹುಡುಗರು ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ್ದಾರೆ. ಅದರಲ್ಲಿ ನಾನು ಸೇರಿ ನಾಲ್ಕು ತಿಂಗಳಾದರೂ ಅದು ನಾನು ಎಂದು ಒಬ್ಬನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆ ಒಬ್ಬ ಲೋಕಾಪುರದ ಗೆಳೆಯ. ಲಾರಿ ಇಟ್ಟಿದ್ದಾನೆ, ನಮ್ಮ ಬನಹಟ್ಟಿಗೆ ನೂಲಿನ ಗಂಟು ತಂದು ಇಳಿಸುತ್ತಾನೆ. ಗುಂಪಿಗೆ ಸೇರುವ ಲಿಂಕು ಕಳಿಸಿದವನೂ ಅವನೇ. ನಾನು ಒತ್ತಿದೆ, ಒಳಗೆ ಹೋದೆ. ಹೋದಮೇಲೆ ಅವನಿಗೆ ಫೋನು ಹಚ್ಚಿ, ನಾನು ಯಾರೆಂದು ನೀನು ಹೇಳಬೇಡ, ಹೇಳುವುದಿದ್ದರೆ ನಾನೇ ಹೇಳುತ್ತೇನೆ ಎಂದು ತಾಕೀತು ಮಾಡಿದೆ.

ಕಾರಣವಿತ್ತು. ಗುಂಪಿನಲ್ಲಿದ್ದವರೆಲ್ಲ ಏಳನೆಯ ಇಯತ್ತೆ ಮುಗಿಸಿ ಮುಂದಕ್ಕೆ ಹೋದವರು. ನಾನು ಆರನೆಯದರ ನಡುವೆ ಬಿಟ್ಟವನು. ಅಪ್ಪ ಕೈ ಮುರಿದುಕೊಂಡಿದ್ದ, ಮಗ್ಗ ನಿಲ್ಲಿಸುವಂತಿರಲಿಲ್ಲ. ಒಂದು ಸಂಜೆ ನಮ್ಮ ಮಾಸ್ತರರು ಮನೆಗೆ ಬಂದರು. ಕುಣಿಮಗ್ಗದ ದಂಡೆಯ ಮೇಲೆ ಕುಳಿತು ಚಹಾ ಕುಡಿದರು. ಇವನಿಗೆ ಲೆಕ್ಕ ಬರುತ್ತದೆ, ಬಿಡಿಸಬೇಡ ಎಂದು ಅಪ್ಪನಿಗೆ ಹೇಳಿದರು. ಅಪ್ಪ ತನ್ನ ಕಟ್ಟು ಹಾಕಿದ ಕೈಯನ್ನೇ ನೋಡುತ್ತ ಕುಳಿತಿದ್ದ. ಮರುದಿನ ನಾನು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯಲು ಕುಳಿತೆ. ಅದಕ್ಕೆ ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ, ಅಂದೂ ಇರಲಿಲ್ಲ. ಈಗ ನನ್ನವೇ ನಾಲ್ಕು ಪವರ್‌ಲೂಮ್ ಇವೆ. ನಾನು ನೇಯ್ದ ಸೀರೆಯ ಅಂಚಿನ ದಡಿಯನ್ನು ದೂರದಿಂದ ನೋಡಿಯೇ ಇದು ಇಂಥವರ ಮನೆಯದು ಎನ್ನುವ ವ್ಯಾಪಾರಸ್ಥರಿದ್ದಾರೆ. ಅಷ್ಟಾದರೂ, ನಾನು ಇಂಥವನು, ಆರನೆಯದರಲ್ಲಿ ಬಿಟ್ಟವನು ಎಂದು ಆ ಗುಂಪಿನಲ್ಲಿ ಬರೆಯಲು ಬೆರಳು ಏಳಲಿಲ್ಲ.

ಹಾಗಾದರೆ ಗುಂಪಿನಲ್ಲಿ ಏಕೆ ಕುಳಿತಿದ್ದೆ ಎಂದರೆ, ಮಾಸ್ತರರಿಗಾಗಿ. ನಿವೃತ್ತರಾಗಿ ಬಹಳ ವರ್ಷಗಳಾದವು, ಈಗ ಬೀಳಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ದಿನಾ ಮುಂಜಾನೆ ಎಂಟರ ಸುಮಾರಿಗೆ ಗುಂಪಿಗೆ ಒಂದು ಬಾಯಿಲೆಕ್ಕ ಕಳಿಸುತ್ತಾರೆ. ಬಾಕಿ ಮಂದಿ ಹೂವಿನ ಚಿತ್ರ, ದೇವರ ಚಿತ್ರ, ಯಾರದೋ ಭಾಷಣ ಕಳಿಸಿದರೆ ಅವರದು ಲೆಕ್ಕ. ನಾನು ಮಗ್ಗ ಚಾಲೂ ಮಾಡಿ, ಫೋನು ನೋಡಿ, ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬಿಡಿಸುತ್ತಿದ್ದೆ. ಉತ್ತರ ಬಂದಾಗ ಒಳಗೊಳಗೇ ಖುಷಿ. ಗುಂಪಿನಲ್ಲಿ ಮಾತ್ರ ಬರೆಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಾರಾದರೂ ಸರಿಯಾದ ಉತ್ತರ ಕೊಟ್ಟರೆ ಮಾಸ್ತರರು ಒಂದು ಶಹಬ್ಬಾಸ್ ಹಾಕುತ್ತಿದ್ದರು. ಅದು ನನಗೂ ಸೇರಿದ್ದು ಎಂದುಕೊಂಡು ಅಂಗೈಯ ಸುಣ್ಣ ಒರೆಸಿಕೊಳ್ಳುತ್ತಿದ್ದೆ.

ಹೀಗೇ ನಡೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ಯಾರೋ ಗೊತ್ತಿಲ್ಲದ ನಂಬರಿನವನು ಗುಂಪಿನೊಳಗೆ ಹೊಕ್ಕು ಮೋಸದ ಲಿಂಕೊಂದನ್ನು ಹಾಕಿದ. ಗುಂಪು ನಡೆಸುವವನು ನಮ್ಮ ವರ್ಗದ ಆಗಿನ ಮಾನಿಟರ್, ಈಗ ಮಹಾಲಿಂಗಪುರದಲ್ಲಿ ಬೆಲ್ಲದ ವ್ಯಾಪಾರಿ. ಅಂದು ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ, ಇಂದೂ ಅದೇ ಗತ್ತು. ಶನಿವಾರ ಸಂಜೆಯೊಳಗೆ ಎಲ್ಲರೂ ತಮ್ಮ ತಮ್ಮ ಮುಖದ ಫೋಟೊ ಹಾಕಿಕೊಳ್ಳಬೇಕು, ಇಲ್ಲದವರನ್ನು ಅಪರಿಚಿತರೆಂದು ತೆಗೆದುಹಾಕುತ್ತೇನೆ ಎಂದು ಬರೆದ. ಕೆಳಗೆ ಮತ್ತೊಂದು ಸಾಲು ಇತ್ತು. ಅದು ನನಗಾಗಿಯೇ ಇತ್ತು: "ಸೀರಿ ದಡಿ ಹಾಕ್ಕೊಂಡ ಕುಂತಾರಲ್ಲ, ಅವರಿಗೂ ಸೇರಿಸಿ ಹೇಳೇನಿ. ದಡಿಗೆ ಕಣ್ಣು ಮೂಗು ಇರೂದಿಲ್ಲ."

ನಿಜ, ನನ್ನ ನಂಬರಿನ ಪಕ್ಕದ ಆ ದುಂಡನೆಯ ಜಾಗದಲ್ಲಿ ನಾನು ನೇಯ್ದ ಸೀರೆಯ ದಡಿಯ ಚಿತ್ರ ಹಾಕಿಕೊಂಡಿದ್ದೆ. ಮುಖಕ್ಕಿಂತ ಅದು ಚೆಂದವಿತ್ತು, ಮತ್ತು ನನ್ನ ಕೈಯಿಂದಲೇ ಬಂದದ್ದು. ಗುಂಪಿನಲ್ಲಿ ಬಹಳ ಮಂದಿ ನನ್ನನ್ನು ಬಟ್ಟೆ ಅಂಗಡಿ ಎಂದುಕೊಂಡಿದ್ದರಂತೆ.

ಮೊದಲು ಸಿಟ್ಟು ಬಂತು. ತೆಗೆದರೆ ತೆಗೆಯಲಿ ಎನಿಸಿತು. ಆದರೆ ಮರುದಿನ ಎಂಟಕ್ಕೆ ಲೆಕ್ಕ ಬಂದಾಗ ಮನಸ್ಸು ಮೆತ್ತಗಾಯಿತು. ಆ ವರ್ಗದಿಂದ ಒಮ್ಮೆ ಎದ್ದು ಬಂದಿದ್ದೆ, ಆಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಎರಡನೆಯ ಸಲವೂ ಎದ್ದು ಬರಬೇಕೇ, ಅದೂ ಒಂದು ಫೋಟೊದ ಸಲುವಾಗಿ?

ಫೋಟೊ ಹುಡುಕಲು ಕುಳಿತರೆ ನನ್ನದೆಂಬುದು ಒಂದೂ ಸಿಗಲಿಲ್ಲ. ಮದುವೆ, ಸೀಮಂತ, ವಾಸ್ತುಶಾಂತಿ ಎಲ್ಲದರಲ್ಲೂ ನಾನು ಹಿಂದೆ ನಿಂತಿರುವವನು, ಇಲ್ಲವೆ ಬಡಿಸುವವನು. ಒಂದರಲ್ಲಿ ಕೈಯೂ ಬಕೇಟೂ ಮಾತ್ರ ಇದ್ದವು. ಬುಧವಾರ ಮಾಲು ಮುಟ್ಟಿಸಲು ಜಮಖಂಡಿಗೆ ಹೋದವನು ಅಲ್ಲಿಯ ಒಂದು ಸ್ಟುಡಿಯೋ ಹೊಕ್ಕೆ.

ಸ್ಟುಡಿಯೋದವನು ಎಳೆಯ ವಯಸ್ಸಿನವನು. ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಗದ್ದ ಹಿಡಿದು, ತಲೆ ನೆಟ್ಟಗೆ ಮಾಡಿ ಹಿಂದಕ್ಕೆ ಸರಿಯುತ್ತಿದ್ದ. ಅವನು ಸರಿಯುವಷ್ಟರಲ್ಲಿ ನನ್ನ ತಲೆ ಎಡಕ್ಕೆ ವಾಲುತ್ತಿತ್ತು. ಅದು ನನ್ನ ಹುಟ್ಟು ಚಾಳಿ. ಮೂರು ಸಲ ಹೀಗೆ ಆದಮೇಲೆ ಉಸಿರು ಬಿಗಿಹಿಡಿದು ಕುಳಿತೆ, ತೆಗೆದ. ಆಮೇಲೆ, "ಕೋಟ್ ಹಾಕಲೇನ್ರಿ ಕಾಕಾ?" ಎಂದು ಕೇಳಿದ. ಗೋಡೆಯ ಗೂಟದ ಕಡೆ ನೋಡಿದೆ, ಅಲ್ಲಿ ಒಂದು ಕೊಡೆ ಬಿಟ್ಟರೆ ಏನೂ ಇರಲಿಲ್ಲ. ಕೋಟು ಇದ್ದದ್ದು ಕಂಪ್ಯೂಟರಿನಲ್ಲಿ. ಎರಡು ಸಲ ಒತ್ತಿದ, ನನ್ನ ಕೊರಳ ಕೆಳಗೆ ನೀಲಿ ಕೋಟು, ಕೆಂಪು ಟೈ ಬಂದು ಕುಳಿತವು. ಸುಳ್ಳು ಏಕೆ ಹೇಳಲಿ, ಚೆಂದ ಕಂಡಿತು. ಮ್ಯಾಟ್ರಿಕ್ ಪಾಸಾದವನ ಕಳೆ ಬಂದಿತ್ತು. ಎಂಟು ಪ್ರತಿ ತೆಗೆಸಿ, ಮೊಬೈಲಿಗೂ ಹಾಕಿಸಿಕೊಂಡೆ. ದಡಿ ತೆಗೆದು ಕೋಟನ್ನು ಅಲ್ಲಿಯೇ ಏರಿಸಿಬಿಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ಕುಳಿತು ಗುಂಪಿನ ಒಬ್ಬೊಬ್ಬರ ಫೋಟೊ ಒತ್ತಿ ಒತ್ತಿ ನೋಡಿದೆ. ಮಾನಿಟರನದು ನೀಲಿ ಕೋಟು. ಮುಧೋಳದ ಕಚೇರಿಯಲ್ಲಿ ಕಾರಕೂನಿಕೆ ಮಾಡಿ ನಿವೃತ್ತನಾಗಿ ಮನೆಯಲ್ಲಿರುವವನದೂ ನೀಲಿ ಕೋಟು. ಮತ್ತೊಬ್ಬನದೂ ಅದೇ. ನನ್ನದು ಬಟ್ಟೆ ನೋಡಿ ಪಳಗಿದ ಕಣ್ಣು. ಟೈ ಗಂಟಿನ ಕೆಳಗೆ ಎಡಕ್ಕೊಂದು ಸುಕ್ಕು, ಮೇಲಿನ ಗುಂಡಿಯ ಮೇಲೊಂದು ಬೆಳಕಿನ ಚುಕ್ಕೆ, ನಾಲ್ವರದೂ ಒಂದೇ ಕಡೆ. ಜಮಖಂಡಿಯ ಒಂದೇ ಕೋಟಿನೊಳಗೆ ನಾವು ನಾಲ್ಕು ಮಂದಿ ನಿಂತಿದ್ದೆವು. ನಗು ತಡೆಯಲಾಗದೆ ಬಾಯಿಗೆ ಟವೆಲು ಒತ್ತಿಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಮುದುಕಿ, ನನಗೆ ವಾಂತಿ ಬಂದಿದೆಯೆಂದು ತಿಳಿದು ಕಿಟಕಿ ಸರಿಸಿದಳು.

ಮನೆಗೆ ಬಂದಾಗ ನಗು ಇಳಿಯಿತು. ಮಾನಿಟರನು ಗುಂಪಿನಲ್ಲಿ, ಸರ್, ತಮಗೆ ಸ್ವಾಗತ, ತಾವು ಯಾವ ಇಲಾಖೆಯಲ್ಲಿದ್ದೀರಿ ಎಂದು ಕೇಳಿದ್ದ. ಅದಕ್ಕೆ ನನಗೇನೂ ಅನಿಸಲಿಲ್ಲ. ಅದರ ಕೆಳಗೆ ಮಾಸ್ತರರು ಬರೆದಿದ್ದರು. ಬರೆದಿದ್ದರು ಅಂದರೆ ಅಕ್ಷರವಲ್ಲ, ಎರಡು ಕೈ ಜೋಡಿಸಿದ ಚಿತ್ರ. ಯಾರೋ ದೊಡ್ಡ ಅಧಿಕಾರಿ ಎಂದು ತಿಳಿದು ಮಾಸ್ತರರು ನನಗೆ ನಮಸ್ಕಾರ ಮಾಡಿದ್ದರು.

ನಮ್ಮ ಮಗ್ಗದ ದಂಡೆಯ ಮೇಲೆ ಕುಳಿತು ನನ್ನ ಸಲುವಾಗಿ ಬೇಡಿಕೊಂಡಿದ್ದ ಮನುಷ್ಯ ಸ್ಟುಡಿಯೋದ ಕೋಟಿಗೆ ಕೈಮುಗಿಯುವುದೆಂದರೆ! ಹೆಂಡತಿಗೆ ಫೋಟೊ ತೋರಿಸಿದೆ. ಅವಳು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೈ ನಿಲ್ಲಿಸಿ, ಫೋನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಇವರ‍್ಯಾರ್ರಿ?" ಎಂದಳು.

"ನಾನs."

"ನೀವೇನ್ರಿ? ನಾ ಎಲ್ಲೋ ಎಲೆಕ್ಷನ್ನಿಗೆ ನಿಂತವರ ಅಂದ್ಕೊಂಡೆ."

ಆಗಲೇ ಅದನ್ನು ತೆಗೆದುಹಾಕಿದೆ. ಇನ್ನು ಮುಖವೂ ಇಲ್ಲ, ದಡಿಯೂ ಇಲ್ಲ, ಬೂದಿ ಬಣ್ಣದ ಖಾಲಿ ತಲೆಯೊಂದು ಉಳಿಯಿತು. ಗುರುವಾರ, ಶುಕ್ರವಾರ ಹಾಗೇ ಕಳೆದವು. ಲೋಕಾಪುರದ ಗೆಳೆಯ ಫೋನು ಮಾಡಿ, ನಾನೇ ಹೇಳಿಬಿಡಲೇ ಎಂದ. ಬೇಡ ಎಂದೆ. ಮಾಸ್ತರರಿಗೆ ಗುರುತು ಹತ್ತಿದರೆ ಇರುತ್ತೇನೆ, ಇಲ್ಲವಾದರೆ ನಾನಾಗಿಯೇ ಹೋಗುತ್ತೇನೆ ಎಂದೆ. ನನ್ನ ಹಟ ನೋಡಿ ಅವನು ಬೈದು ಫೋನು ಇಟ್ಟ.

ಶನಿವಾರ ಮುಂಜಾನೆ ಹೆಂಡತಿ ತಾನೇ ಫೋನು ಹಿಡಿದು ಶೆಡ್ಡಿಗೆ ಬಂದಳು. ತುಬಚಿಯಲ್ಲಿರುವ ತಂಗಿಯೊಡನೆ ದಿನಾ ವಿಡಿಯೋದಲ್ಲಿ ಮಾತಾಡಿ ಅವಳಿಗೆ ಈ ವಿದ್ಯೆ ನನಗಿಂತ ಹೆಚ್ಚು ಬರುತ್ತದೆ. ಮಗ್ಗದ ಮುಂದೆ ನಿಲ್ಲಿರಿ ಎಂದಳು. ಅಂಗಿ ಹಾಕಿಕೊಂಡು ಬರುತ್ತೇನೆ ಎಂದರೆ ಬಿಡಲಿಲ್ಲ. ಬನಿಯನ್ನಿನಲ್ಲೇ ನಿಂತೆ, ಸ್ಟುಡಿಯೋದವನು ಕಲಿಸಿದಂತೆ ನೆಟ್ಟಗೆ, ಉಸಿರು ಬಿಗಿದು. ಅವಳು ತೆಗೆಯಲೊಲ್ಲಳು. ಹಂಗ ಗೂಟ ಬಡದಾಂಗ ನಿಂತರೆ ಹೆಂಗ ಎಂದು ರಾಗ ಎಳೆದಳು.

ಅಷ್ಟರಲ್ಲಿ ನನ್ನ ಬೆನ್ನ ಹಿಂದಿನ ಮೂರನೆಯ ಮಗ್ಗದ ಸದ್ದು ಬದಲಾಯಿತು. ಎಳೆ ಹರಿದರೆ ಸದ್ದಿನಲ್ಲಿ ಒಂದು ಕೂದಲಿನಷ್ಟು ವ್ಯತ್ಯಾಸ ಬರುತ್ತದೆ, ನಮಗೆ ಮಾತ್ರ ಗೊತ್ತಾಗುವಂಥದ್ದು. ತಲೆ ತಾನೇ ಎಡಕ್ಕೆ ವಾಲಿತು, ಕಣ್ಣು ಅರ್ಧ ಮುಚ್ಚಿದವು. ಆಗ ಅವಳು ಒತ್ತಿದಳು. ನಾನು ಓಡಿಹೋಗಿ ಮಗ್ಗ ನಿಲ್ಲಿಸಿ, ಎಳೆ ಕೂಡಿಸಿ ಬರುವುದರೊಳಗೆ ಫೋಟೊ ಏರಿಸಿಯೂ ಬಿಟ್ಟಿದ್ದಳು.

ಬನಿಯನ್ನು, ತಲೆತುಂಬ ಹತ್ತಿಯ ಪುಡಿ, ವಾಲಿದ ಕತ್ತು. ಇದನ್ನು ನೋಡಿದವರು ಏನಂದಾರು ಎಂದೆ.

"ಮೂವತ್ತ ವರ್ಷ ನಾ ಇದನ್ನs ನೋಡಿಲ್ಲೇನು?" ಎಂದಳು. "ನಾ ಏನೂ ಅಂದಿಲ್ಲ."

ಎಂಟಾಗಿತ್ತು. ಲೆಕ್ಕ ಬಂತು. ಒಂದು ನೀರಿನ ಟಾಕಿ, ಎರಡು ನಳ. ಒಂದು ನಳ ಬಿಟ್ಟರೆ ನಾಲ್ಕು ತಾಸಿನಲ್ಲಿ ತುಂಬುತ್ತದೆ, ಇನ್ನೊಂದು ಬಿಟ್ಟರೆ ಹನ್ನೆರಡು ತಾಸು ಬೇಕು. ಎರಡನ್ನೂ ಕೂಡಿ ಬಿಟ್ಟರೆ ಎಷ್ಟು ತಾಸು? ನಾನು ಗೋಡೆಯ ಮೇಲೆ ಬಿಡಿಸಿದೆ. ಈ ಸಲ ಉತ್ತರವನ್ನು ಗುಂಪಿನಲ್ಲಿ ಬರೆದೆ: ಮೂರು ತಾಸು. ಹೆಸರು ಬರೆಯಲಿಲ್ಲ. ಫೋನನ್ನು ಗೂಡಿನಲ್ಲಿಟ್ಟು ಕೆಲಸಕ್ಕೆ ತೊಡಗಿದೆ, ಆದರೆ ಗೂಡಿನ ಮುಂದೆ ಎಷ್ಟು ಸಲ ಹಾಯ್ದೆನೋ ನನಗೇ ತಿಳಿಯದು. ಒಂಬತ್ತಾದರೂ ಯಾರೂ ಏನೂ ಬರೆಯಲಿಲ್ಲ. ಹತ್ತರ ಹೊತ್ತಿಗೆ ಮಾಸ್ತರರ ದನಿ ಬಂತು. ಬರೆಯದೆ, ಮಾತಾಡಿ ಕಳಿಸಿದ್ದರು. ಮಗ್ಗಗಳ ಗದ್ದಲದಲ್ಲಿ ಕೇಳದೆ ಅಂಗಳಕ್ಕೆ ಓಡಿದೆ.

ದನಿ ಸ್ವಲ್ಪ ನಡುಗುತ್ತಿತ್ತು, ಆದರೆ ಅದೇ ದನಿ. "ತಲಿ ನೆಟ್ಟಗ ಮಾಡಿ ಕುಂಡ್ರಲೇ ಅಂತ ಎಷ್ಟ ಸಲ ಹೇಳಿದ್ನಿ ನಿನಗ? ಇನ್ನೂ ಮಾಡಿಲ್ಲೇನಲೇ?"

ಅಂಗಳದಲ್ಲಿ ಒಬ್ಬನೇ ನಿಂತಿದ್ದವನು ಕೂಡಲೇ ತಲೆ ನೆಟ್ಟಗೆ ಮಾಡಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಹೋಗಿ ನೀರು ತಂದುಕೊಟ್ಟಳು.

ಹಿಂದೆಯೇ ಇನ್ನೊಂದು ಬಂತು. ಉತ್ತರ ಸರಿ ಇದೆ, ಮಾಡಿದ ರೀತಿ ತೋರಿಸು ಎಂದು. ರೀತಿಯನ್ನು ಫೋನಿನಲ್ಲಿ ಬರೆಯಲು ನನಗೆ ಬರಲಿಲ್ಲ. ಗೋಡೆಯದೇ ಫೋಟೊ ತೆಗೆದು ಕಳಿಸಿದೆ. ಅಪೂರ್ಣಾಂಕದ ಭಾಗಾಕಾರ ಕಲಿಯುವ ಮೊದಲೇ ನಾನು ಸಾಲೆ ಬಿಟ್ಟಿದ್ದೆ, ಹಾಗಾಗಿ ಮಗ್ಗದ ಲೆಕ್ಕದಂತೆ ಮಾಡಿದ್ದೆ. ಹನ್ನೆರಡು ತಾಸಿನಲ್ಲಿ ಒಂದು ನಳ ಮೂರು ಟಾಕಿ ತುಂಬುತ್ತದೆ, ಇನ್ನೊಂದು ಒಂದು ಟಾಕಿ. ಎರಡೂ ಕೂಡಿ ನಾಲ್ಕು. ಅಂದಮೇಲೆ ಒಂದು ಟಾಕಿಗೆ ಮೂರು ತಾಸು.

"ಇದು ನಾ ಕಲಿಸಿದ ರೀತಿ ಅಲ್ಲ," ಎಂದರು ಮಾಸ್ತರರು. "ಖರೆ, ಛಲೋ ಐತಿ. ನಾ ಮತ್ತೊಮ್ಮೆ ನಿಮ್ಮ ಮನಿಗೆ ಬರಬೇಕಿತ್ತಪಾ."

ಈಗಲೂ ಬರಬಹುದು ಸರ್, ಚಹಾಕ್ಕೆ ಇಡಿಸುತ್ತೇನೆ ಎಂದು ಹೇಳಿ ಕಳಿಸಿದೆ.

ಮಾನಿಟರ್ ಸಂಜೆ ನನಗೆ ನೇರವಾಗಿ ಫೋನು ಮಾಡಿ, ಸರ್ ಅಂದದ್ದನ್ನು ವಾಪಸು ತೆಗೆದುಕೊಂಡೇನಿ ಎಂದು ಮೊದಲು ಬೈದ, ಆಮೇಲೆ ಬಹಳ ಹೊತ್ತು ಮಾತಾಡಿದ. ಕೋಟಿನ ಗುಟ್ಟನ್ನು ನಾನು ಅವನಿಗೆ ಹೇಳಲಿಲ್ಲ. ಅವನು ಇನ್ನೂ ಅದರೊಳಗೇ ಇದ್ದಾನೆ. ನನ್ನ ಎಂಟು ಪ್ರತಿಗಳು ಕಪಾಟಿನಲ್ಲಿವೆ, ಬ್ಯಾಂಕಿನವರು ಕೇಳಿದಾಗ ಒಂದೊಂದು ಕೊಡುತ್ತೇನೆ.

ಬನಿಯನ್ನಿನ ಫೋಟೊ ಹಾಗೇ ಇದೆ. ತಲೆಯ ಮೇಲಿನ ಹತ್ತಿ ಒರೆಸಿ ಬೇರೆ ತೆಗೆಯೋಣವೆಂದು ಹೆಂಡತಿಯೇ ಒಂದೆರಡು ಸಲ ಅಂದಳು, ನಾನು ಒಪ್ಪಲಿಲ್ಲ. ಲೆಕ್ಕಕ್ಕೆ ಈಗ ದಿನಾ ಉತ್ತರ ಬರೆಯುತ್ತೇನೆ. ಎಲ್ಲರಿಗಿಂತ ಮೊದಲು ಬರೆಯುವುದು ಮಾತ್ರ ಆಗುವುದಿಲ್ಲ. ಮುಧೋಳದ ಕಾರಕೂನನಿಗೆ ಮುಂಜಾನೆ ಎಂಟಕ್ಕೆ ಬೇರೆ ಕೆಲಸವಿಲ್ಲ, ನನಗೆ ನಾಲ್ಕು ಮಗ್ಗ ಇವೆ.